ಮಲ್ಪೆಗೆ ಹೊರಟ ಕೂಸಿನ ಕಾರ್ಡು

ಶ್ರಾವಣದ ನೂಲಹುಣ್ಣಿಮೆ ಕಳೆದು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಯಿತೆಂದರೆ ಭಟ್ಕಳದ ಹತ್ತಿರದ ತೆಂಗಿನಗುಂಡಿಯಲ್ಲಿ ಮೀನುಗಾರರ ಅರ್ಧ ಕೇರಿ ಖಾಲಿ. ಇಲ್ಲಿ ಸಣ್ಣ ದೋಣಿ, ಸಣ್ಣ ಗಳಿಕೆ. ಮಲ್ಪೆಯಲ್ಲಿ ದೊಡ್ಡ ಬೋಟು, ಬೇಸಿಗೆ ಮುಗಿಯುವವರೆಗೂ ಕೆಲಸ. ಹೊಟ್ಟೆ ಕರೆದ ಕಡೆ ಕಾಲು ಹೋಗಲೇಬೇಕಲ್ಲ.

ಗಂಗಿಯ ಗಂಡ ಮೋಹನನೂ ಬೋಟಿಗೆ ಹೋಗುವವನೇ. ಈ ಸಲ ಗಂಗಿಗೂ ಅಲ್ಲಿ ಸಿಗಡಿ ಸುಲಿಯುವ ಕೆಲಸ ಸಿಕ್ಕಿತ್ತು. ಕೂಸು ಸುಪ್ರಿಯಾಳನ್ನು ನೋಡಿಕೊಳ್ಳಲು ಅತ್ತೆ ಗಣಪಿಯೂ ಹೊರಟಿದ್ದಳು. ಪಾತ್ರೆ, ಚಾಪೆ ಎಲ್ಲ ಗಂಟು ಕಟ್ಟಿ ಆಗಿತ್ತು. ಆದರೆ ಗಂಗಿಗೆ ಅನ್ನ ಸೇರುತ್ತಿರಲಿಲ್ಲ. ಕೂಸಿಗೆ ಒಂಬತ್ತು ತಿಂಗಳು ತುಂಬಲು ಇನ್ನೂ ಹತ್ತು ದಿನವಿತ್ತು. ದಡಾರದ ಚುಚ್ಚುಮದ್ದು ಹಾಕುವುದು ಆಗಲೇ. ಹೋದ ವರ್ಷ ಬಂದರಿನ ಬಿಡಾರಗಳಲ್ಲಿ ದಡಾರ ಎದ್ದು ಮಕ್ಕಳು ನರಳಿದ್ದನ್ನು ಮೋಹನನೇ ಬಂದು ಹೇಳಿದ್ದ.

"ನಾ ಕೂಸಿನ ಸಂಗಡ ಇಲ್ಲೇ ಉಳೀತೆ. ಸೂಜಿ ಆದ್ಮೇಲೆ ಬತ್ತೆ," ಎಂದಳು ಗಂಗಿ.

"ಕೆಲಸ ನಿಂಗಾಗಿ ಕಾಯ್ತದ್ಯ?" ಎಂದ ಮೋಹನ. ಅದೂ ಸುಳ್ಳಲ್ಲ.

ಗಣಪಿಯದು ಇನ್ನೊಂದೇ ಲೆಕ್ಕ. ಊರು ಬಿಡುವಾಗ ಎಲ್ಲರೂ ರೇಷನ್ ಕಾರ್ಡನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೇರೆ ಊರಲ್ಲಿ ಅದಕ್ಕೆ ಯಾರೂ ಅಕ್ಕಿ ಕೊಡುವುದಿಲ್ಲ ಎಂದೇ ಅವಳ ನಂಬಿಕೆ. ಅವಳು ಕೂಸಿನ ಚುಚ್ಚುಮದ್ದಿನ ಕಾರ್ಡನ್ನೂ ಅದರ ಜೊತೆಗೇ ಇಟ್ಟು ಬೀಗ ಜಡಿದುಬಿಟ್ಟಿದ್ದಳು.

ಅಷ್ಟರಲ್ಲಿ ಕೇರಿಗೆ ನರ್ಸಬಾಯಿ ಸುಬ್ಬಲಕ್ಷ್ಮಿ ಬಂದರು. ಗಂಗಿ ಓಡಿಹೋಗಿ ಕಷ್ಟ ಹೇಳಿಕೊಂಡಳು.

"ಇದಕ್ಕೆ ಉಳೀಬೇಕಾ ಮಾರಾಯ್ತಿ? ಮಲ್ಪೆಲೂ ಇದೇ ಸೂಜಿ ಹಾಕ್ತಾರೆ. ಕಾರ್ಡು ಎಲ್ಲದೆ?" ಎಂದರು ನರ್ಸಬಾಯಿ.

ಗಣಪಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಮ್ಮ ಕಾರ್ಡಿಗೆ ಅಲ್ಲಿ ಹಿಡಿ ಅಕ್ಕಿ ಕೊಡೂದಿಲ್ಲ ಬಾಯಿ. ಸೂಜಿ ಕೊಡ್ತಾರಾ? ಪರಊರವ್ರು ಅಂದು ಅಟ್ಟಿದ್ರೆ ಎಂತ ಮಾಡೂದು?"

"ಅಕ್ಕಿ ಕಾರ್ಡಿನ ಸುದ್ದಿ ಬೇರೆ ಗಣಪಕ್ಕ. ಇದು ಹಂಗಲ್ಲ, ಕೂಸು ಹೋದಲ್ಲಿ ಹೋಗೂ ಕಾರ್ಡು. ಯಾವ ಸರಕಾರಿ ಆಸ್ಪತ್ರೆಲೂ ಪುಕ್ಕಟೆ ಹಾಕ್ತಾರೆ. ಕಾರ್ಡು ನೋಡಿದ್ರೆ ಯಾವುದು ಆಗದೆ, ಯಾವುದು ಬಾಕಿ ಅಂತ ಅವರಿಗೆ ತಿಳೀತದೆ. ಕಳೆದುಹೋದ್ರೂ ಹೆದರೂದು ಬ್ಯಾಡ, ಹೊಸದು ಬರೆದು ಕೊಡ್ತಾರೆ."

"ಆದ್ರೂ ಪರಊರು..."

"ನೀವು ಹೊಳನಗದ್ದೆಯಿಂದ ಮದುವೆಯಾಗಿ ಬಂದ್ರಿ. ನಾ ಮಿರ್ಜಾನದಿಂದ ವರ್ಗವಾಗಿ ಬಂದೆ. ನಿಮ್ಮ ಮಗ ದುಡಿಯೂಕೆ ಹೋಗ್ತ. ಗದಗಿನಿಂದ ರಸ್ತೆ ಕೆಲಸಕ್ಕೆ ಬಂದವರ ಮಕ್ಕಳಿಗೆ ಹೋದ ವಾರ ನಾನೇ ಸೂಜಿ ಹಾಕಿದೆ. ಅವರನ್ನ ಅಟ್ಟಿದ್ನ?"

ಗಣಪಿ ಸೊಂಟದಿಂದ ಬೀಗದಕೈ ತೆಗೆದಳು. "ಆತು. ನಂಗೆ ಗೊತ್ತಾಗಲಿಲ್ಲ," ಎಂದು ಕಾರ್ಡನ್ನು ತಂದು, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟಳು. ಆ ದಿನ ಗಂಗಿ ಹೊಟ್ಟೆತುಂಬ ಉಂಡಳು.

ಮಲ್ಪೆಗೆ ಹೋದ ಮೇಲೆ, ಕೂಸಿಗೆ ಒಂಬತ್ತು ತಿಂಗಳು ತುಂಬಿದ ಕೂಡಲೇ ಅತ್ತೆ ಸೊಸೆ ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿನ ನರ್ಸು ಕಾರ್ಡು ನೋಡಿ, "ಭಟ್ಕಳದವರಾ? ಕೂತ್ಕೊಳ್ಳಿ," ಎಂದಳು, ಅಷ್ಟೇ. ಸೂಜಿ ಚುಚ್ಚಿದ್ದಕ್ಕೆ ಸುಪ್ರಿಯಾ ಕೇಂದ್ರವೇ ಹಾರಿಹೋಗುವಂತೆ ಕಿರುಚಿದಳು. ಗಂಗಿಗೋ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕಣ್ಣಲ್ಲಿ ನೀರು ಬಂತು.

ಹೊರಗೆ ಗೇಟಿನ ಬಳಿ ಕೊಪ್ಪಳದ ಕಡೆಯ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕಾರ್ಡು ಊರಲ್ಲೇ ಉಳಿದಿದೆಯಂತೆ; ಒಳಗೆ ಬರಲು ಅಂಜಿಕೆ. ಗಣಪಿ ಹೋಗಿ ಅವಳ ಕೈ ಹಿಡಿದಳು. "ಬಾ ಮಗಾ. ಇಲ್ಲಿ ಯಾರೂ ಅಟ್ಟೂದಿಲ್ಲ. ಹೊಸ ಕಾರ್ಡು ಬರೆದು ಕೊಡ್ತಾರೆ."

ಅಕ್ಕ ತಂಗಿಯರೇ, ಅಣ್ಣಂದಿರೇ, ದುಡಿಯಲು ಊರು ಬಿಡುವುದು ತಪ್ಪಲ್ಲ. ಗಂಟು ಕಟ್ಟುವಾಗ ಮೊದಲು ಕೂಸಿನ ಕಾರ್ಡು ಇಟ್ಟುಕೊಳ್ಳಿ. ಹೋದ ಊರಿನಲ್ಲಿ ಅಂಗನವಾಡಿ, ಆರೋಗ್ಯ ಕೇಂದ್ರ ಎಲ್ಲಿದೆಯೆಂದು ವಿಚಾರಿಸಿ. ನಿಮ್ಮೂರಿಗೆ ದುಡಿಯಲು ಬಂದವರ ಬಿಡಾರದಲ್ಲಿ ಕೂಸು ಅತ್ತದ್ದು ಕೇಳಿದರೆ, ನೀವೇ ಹೋಗಿ ಆ ತಾಯಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಬನ್ನಿ.