ನಿಂಗರಾಜನ ಡಿಸ್ಕ್

ಹರಿಹರದ ಬಸ್ಸಿಳಿದು ಆಶಾರಾಣಿ ಮಂಡಿಪೇಟೆಯ ಮಹಡಿ ಹತ್ತಿ ಬಂದಾಗ ಭುವನೇಶ್ವರಿ ಎದ್ದು ನಿಂತಳು. ಆಶಾರಾಣಿಯ ಗಂಡ ನಿಂಗರಾಜ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಹಳೇ ಹಾರ್ಡ್ ಡಿಸ್ಕನ್ನು ಆಕೆ ಮೇಜಿನ ಮೇಲಿಟ್ಟಳು.

"ಅವರು ಮೊದಲು ಪರೀಕ್ಷೆ ಮಾಡ್ತಿದ್ದಿದ್ದು ಇದರ ಮ್ಯಾಲೆ. ಲಿನಕ್ಸ್ ಒಳಗೆ ತಮ್ಮ ಹೆಸರು ಉಳಿತೈತೆ ಅಂತಿದ್ರು. ಉಳಿತೈತಾ ಅಕ್ಕಾ?"

"ಕೂಡ್ರಿ, ನೋಡಾಣ."

ಕಂಪ್ಯೂಟರ್ ನಡೆಸುವ ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಡಿಸ್ಕಿಗೆ ಆದೇಶ ಕಳಿಸಿ, ಉತ್ತರಕ್ಕೆ ಕಾಯುವ ಕೋಡ್ ನಿಂಗರಾಜನದು. ಪಾಲಿಟೆಕ್ನಿಕ್ಕಿನಲ್ಲಿ ಭುವನೇಶ್ವರಿಯ ಶಿಷ್ಯನಾಗಿದ್ದ ನಿಂಗರಾಜ, ವರ್ಕ್‌ಶಾಪಿನ ಕೆಲಸದ ನಡುವೆ ಎರಡು ವರ್ಷ ಒದ್ದಾಡಿ ಬರೆದಿದ್ದ ಪ್ಯಾಚ್, ಅಂದರೆ ಲಿನಕ್ಸಿಗೆ ಸೇರಿಸಬೇಕಾದ ತುಣುಕು; ಪರಿಶೀಲನೆಗೆ ಅವಳ ಬಳಿಯೇ ಬಂದಿತ್ತು. ಪರಿಶೀಲಿಸಿದವರು ಅದರಡಿ ತಮ್ಮ ಹೆಸರು ಹಾಕಿದರೆ ಮಾತ್ರ ಅದು ಲಿನಕ್ಸಿಗೆ ಸೇರುವುದು. ಓಡಿಸಿ ನೋಡದೆ ಹೆಸರು ಹಾಕುವ ಪೈಕಿಯಲ್ಲ ಭುವನೇಶ್ವರಿ.

ಆ ಡಿಸ್ಕನ್ನೇ ಸಿಕ್ಕಿಸಿ ಓಡಿಸಿದಳು. ಮಲಗಿದ್ದ ಡಿಸ್ಕ್ ಎದ್ದು ತಿರುಗುವ ಮೊದಲೇ ಕರ್ನಲ್ ಉತ್ತರವಿಲ್ಲವೆಂದು ಕೈಬಿಟ್ಟಿತು. ಮತ್ತೆ ಓಡಿಸಿದರೂ ಅದೇ ಹಾಡು!

ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಸಾಲಿನಲ್ಲಿ ಬರೀ ಮೂವತ್ತು ಎಂದಿತ್ತು. ಅಲ್ಲಿ ಕರ್ನಲ್ ಎಣಿಸುವುದು ಸೆಕೆಂಡುಗಳನ್ನಲ್ಲ, ತನ್ನ ಗಡಿಯಾರದ ಮಿಡಿತಗಳನ್ನು. ಈ ಯಂತ್ರದಲ್ಲಿ ಸೆಕೆಂಡಿಗೆ ಇನ್ನೂರೈವತ್ತು ಮಿಡಿತ. ಮೂವತ್ತು ಮಿಡಿತವೆಂದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಮೂವತ್ತು ಸೆಕೆಂಡು ಕಾಯಬೇಕಾದರೆ ಅದನ್ನು ಆ ಇನ್ನೂರೈವತ್ತರಿಂದ ಗುಣಿಸಬೇಕಿತ್ತು. ಛೆ, ಅಂಥ ಜಾಣ ಇಲ್ಲಿ ಎಡವಿದನೇ?

ಅವನು ಕಳಿಸಿದ್ದ ಮೊದಲ ಆವೃತ್ತಿ ತೆಗೆದಳು. ಗುಣಾಕಾರ ಸರಿಯಾಗಿಯೇ ಇತ್ತು. ಅದರ ಕೆಳಗೆ ಅವಳದೇ ಟಿಪ್ಪಣಿ: "ಇಲ್ಲಿ ಗುಣಾಕಾರ ಯಾಕೆ? ಬರೀ ಮೂವತ್ತು ಸಾಕು." ಅವನ ಉತ್ತರ ಒಂದೇ ಸಾಲು: "ಆಗಲಿ ಮೇಡಂ, ತೆಗೆದಿದ್ದೇನೆ."

ಭುವನೇಶ್ವರಿ ಆ ಟಿಪ್ಪಣಿಯನ್ನು ಮತ್ತೊಮ್ಮೆ ಓದಿದಳು. ಯಾವ ಅವಸರದಲ್ಲಿ ಬರೆದಿದ್ದಳೋ, ನೆನಪೇ ಇರಲಿಲ್ಲ. ಮೇಡಂ ಮಾತು ಮೀರಬಾರದೆಂದು ಸರಿಯಿದ್ದದ್ದನ್ನು ಅಳಿಸಿದ್ದ, ಪುಣ್ಯಾತ್ಮ! ಈಗ ತಾನು ತಿದ್ದಿದೆನೆಂದಷ್ಟೇ ಬರೆದು ಸೇರಿಸಿದರೆ ಯಾರೂ ಕೇಳುವುದಿಲ್ಲ. ತಪ್ಪು ಸತ್ತವನ ತಲೆಗೆ ಹೋಗುತ್ತದೆ. ಒಂದು ಗಳಿಗೆ ಅವಳ ಕೈ ಹಾಗೇ ನಿಂತಿತು.

"ಯಾಕಕ್ಕಾ, ಅವರು ತಪ್ಪು ಮಾಡ್ಯಾರಾ?" ಆಶಾರಾಣಿಯ ಮುಖ ಸಪ್ಪಗಾಗಿತ್ತು.

"ಇಲ್ಲವ್ವಾ. ಅವನು ಸರಿಯಾಗೇ ಬರೆದಿದ್ದ. ಕೆಡಿಸಿದೋಳು ನಾನು."

ಸಾಲನ್ನು ಮೊದಲಿನಂತೆ ಮಾಡಿದಳು. ನಿಂಗರಾಜನ ಮೂಲ ಸಾಲೇ ಸರಿ, ತಪ್ಪು ಸಲಹೆ ತನ್ನದು ಎಂದು ಎಲ್ಲರೂ ಓದುವಂತೆ ಬರೆದಳು. ಆಮೇಲೆ ಓಡಿಸಿದಳು. ಈ ಸಲ ಕರ್ನಲ್ ಕಾಯಿತು. ಏಳು, ಎಂಟು ಸೆಕೆಂಡು. ಡಿಸ್ಕ್ ಗುರ್ರೆಂದು ತಿರುಗಿ ಉತ್ತರ ಕೊಟ್ಟಿತು. ಭುವನೇಶ್ವರಿ ತನ್ನ ಹೆಸರು ಹಾಕಿ ಕಳಿಸಿದಳು.

ಆಶಾರಾಣಿ ಡಿಸ್ಕಿನ ಮೇಲೆ ಕೈಯಿಟ್ಟು ನೋಡಿದಳು. ಅದು ಅದುರುತ್ತಿತ್ತು.

"ಇದು ಕೆಟ್ಟಿಲ್ಲೇನಕ್ಕಾ?" ಎಂದಳು. "ಮೇಡಂ ಹೇಳಿದಂಗೆ ತಿದ್ದಿದ ಮ್ಯಾಲೆ ಇದು ಓಡಲಿಲ್ಲ. ಮೇಡಂದು ತಪ್ಪಿರಲ್ಲ, ನನ್ನ ಡಿಸ್ಕೇ ಕೆಟ್ಟೈತೆ ಅಂತ ಬ್ಯಾರೇದು ತಂದ್ರು. ಆಸ್ಪತ್ರೆಗೆ ಹೋಗೋ ದಿನಾನೂ ಅದೇ ಅಂದ್ರು."