ತೊಳೆದ ಬ್ರೇಕು

ದಿನವಿಡೀ ಸೀಮೆಎಣ್ಣೆಯಲ್ಲಿ ಕೈ ಅದ್ದಿದರೆ ಮೊದಲು ಉಗುರಿನ ಸಂದಿ ಬಿರಿಯುತ್ತದೆ. ಆಮೇಲೆ ಬೆರಳಿನ ಗೆರೆಗಳೇ ಸವೆದುಹೋಗುತ್ತವೆ. ಹಾಜರಿ ಯಂತ್ರ ನನ್ನ ಹೆಬ್ಬೆಟ್ಟನ್ನು ಒಪ್ಪದೆ ಎಷ್ಟೋ ಸಲ ಕೆಂಪು ದೀಪ ತೋರಿಸುತ್ತಿತ್ತು. ಕೈಗವಸು ಕೇಳಿದರೆ ಸ್ಟೋರಿನವನು, "ಯಾಕಕ್ಕ, ಆಪರೇಷನ್ ಮಾಡ್ತೀಯಾ?" ಎಂದು ನಗುತ್ತಿದ್ದ.

ನಮ್ಮದು ಕಾರು ಮಾರುವ, ರಿಪೇರಿ ಮಾಡುವ ದೊಡ್ಡ ಶೋರೂಮು. ಮುಂದೆ ಗಾಜಿನ ಹಾಲ್, ಸೋಫಾ, ತಣ್ಣನೆ ಗಾಳಿ. ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಒಂದು ಮೂಲೆಯಲ್ಲಿ ನಾನು ಬಿಡಿಭಾಗ ತೊಳೆಯುವ ತೊಟ್ಟಿ, ಇನ್ನೊಂದು ಮೂಲೆಯಲ್ಲಿ ಕಟಿಂಗಣ್ಣನ ಯಂತ್ರ. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಹೆಸರು ಕೇಳಿ, ತಲೆ ಸವರಿಕೊಂಡು ಅವನ ಹತ್ತಿರ ಹೋಗುತ್ತಿದ್ದರು. ಅವನು ಕತ್ತರಿಸುತ್ತಿದ್ದದ್ದು ಕೂದಲನ್ನಲ್ಲ, ಕಬ್ಬಿಣವನ್ನು.

ವಾರಂಟಿ ಇರುವ ಕಾರಿನ ಭಾಗ ಕೆಟ್ಟರೆ ಕಂಪನಿ ಹೊಸದು ಕೊಡುತ್ತದೆ. ಬಿಚ್ಚಿದ ಕೆಟ್ಟ ಭಾಗಕ್ಕೆ ಹಳದಿ ಬಣ್ಣ ಬಳಿದು, ಚೀಟಿ ಕಟ್ಟಿ, ಬೀಗ ಹಾಕಿದ ಕೋಣೆಯಲ್ಲಿ ಇಡುತ್ತಾರೆ. ತಿಂಗಳಿಗೊಮ್ಮೆ ಕಂಪನಿಯ ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ. ಅವರು ನೋಡಿ ಹೋದ ಮೇಲೆ ಅದನ್ನು ಎರಡು ತುಂಡು ಮಾಡಲೇಬೇಕು. ಮತ್ತೆ ಯಾರ ಕಾರಿಗೂ ಅದು ಏರಬಾರದು. ತುಂಡು ಮಾಡುತ್ತಿದ್ದವನು ಕಟಿಂಗಣ್ಣ. ಪುಸ್ತಕದಲ್ಲಿ 'ಕತ್ತರಿಸಲಾಗಿದೆ' ಎಂದು ಸಹಿ ಹಾಕುತ್ತಿದ್ದವನೂ ಅವನೇ.

ಒಂದು ಬೆಳಿಗ್ಗೆ ಅವನು ಬ್ರೇಕಿನ ಸಿಲಿಂಡರೊಂದನ್ನು ಕಬ್ಬಿಣದ ದವಡೆಯಿರುವ ವೈಸ್‌ಗೆ ಕಚ್ಚಿಸಿ ಬಿಗಿದಿದ್ದ. ಅಂಗೈಯುದ್ದದ ಲೋಹದ ಕೊಳವೆ ಅದು. ಪೆಡಲ್ ತುಳಿದರೆ ಅದು ಚಕ್ರಗಳಿಗೆ ಎಣ್ಣೆ ತಳ್ಳಬೇಕು, ಆಗಲೇ ಕಾರು ನಿಲ್ಲುವುದು. ಮ್ಯಾನೇಜರ್ ಶೆಡ್ಡಿಗೆ ಬಂದರು. ಅವರು ಹಿಂದಕ್ಕೆ ಬರುವುದೇ ಅಪರೂಪ, ಅವರ ಬೂಟಿಗೆ ಎಣ್ಣೆಯೆಂದರೆ ಆಗದು.

"ಅದನ್ನ ಬಿಡಪ್ಪ. ಬ್ರೇಕಿಂದು, ಸ್ಟೇರಿಂಗಿಂದು ಇನ್ಮೇಲೆ ಕಟ್ ಮಾಡೋದು ಬೇಡ."

"ಯಾಕೆ ಸಾರ್?"

"ಟ್ರೈನಿಂಗ್ ಸ್ಕೂಲಿಗೆ ಹೋಗತ್ತೆ. ನೋಡಿ ಕಲೀಲಿ ಅಂತ."

"ಹಂಗಾದ್ರೆ ಪುಸ್ತಕದಲ್ಲೂ ಹಂಗೇ ಬರೀಲಾ?"

"ಪುಸ್ತಕ ಯಾವತ್ತಿನ ಥರಾನೇ ಇರ್ಲಿ. ಇಲ್ಲದ ಉಸಾಬರಿ ನಿಂಗ್ಯಾಕೆ?"

ಕಟಿಂಗಣ್ಣ ವೈಸ್ ಸಡಿಲಿಸಿದ. ಅದರ ದವಡೆಯಲ್ಲಿ ಒಂದು ಹಲ್ಲು ಎಂದೋ ಮುರಿದಿತ್ತು. ಕಚ್ಚಿದಲ್ಲೆಲ್ಲ ಮೂರು ಗೆರೆ, ಒಂದು ಖಾಲಿ ಜಾಗ, ಮತ್ತೆರಡು ಗೆರೆ ಬೀಳುತ್ತಿದ್ದವು. ಆ ಗುರುತು ಸಿಲಿಂಡರಿನ ಮೇಲೂ ಬಿದ್ದಿತ್ತು.

ಮಧ್ಯಾಹ್ನ ಸ್ಟೋರಿನವನು ಒಂದು ಬುಟ್ಟಿ ತಂದು ನನ್ನ ಮುಂದಿಟ್ಟ. "ಹಳದಿ ಚೂರೂ ಉಳೀಬಾರ್ದು ಅಕ್ಕ."

"ಕಲಿಯೋರಿಗೆ ಇದು ಫಳಫಳ ಹೊಳೀಲೇಬೇಕಾ?"

ಅವನು ಗೋಡೆ ನೋಡಿದ. "ನಾನೂ ಹೇಳಿದ್ದು ಮಾಡೋನೇ" ಎಂದು ಹೋದ.

ಅಂದಿನಿಂದ ವಾರಕ್ಕೊಂದು ಬುಟ್ಟಿ. ನಾನು ತಂತಿಯ ಬ್ರಷ್ಷಿನಿಂದ ತಿಕ್ಕುತ್ತಿದ್ದೆ, ತೊಳೆದದ್ದು ಸ್ಟೋರಿಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಯಾವ ಸ್ಕೂಲಿನ ಗಾಡಿಯೂ ಬಂದದ್ದನ್ನು ನಾನು ಕಾಣಲಿಲ್ಲ. ಕಟಿಂಗಣ್ಣ ಟೀ ಕುಡಿಯುವಾಗ ಮೆಲ್ಲಗೆ, "ಎಲ್ಲೋ ಏನೋ ನಡೀತಿದೆ ಅಕ್ಕ. ಕತ್ತರಿಸದೇ ಇರೋದಕ್ಕೆ ಸಹಿ ಹಾಕ್ತಿದೀನಿ" ಎಂದ. "ಸುಮ್ನಿರಣ್ಣ, ಮನೇಲಿ ಒಲೆ ಉರೀಬೇಕಲ್ಲ" ಎಂದೆ. ಆ ಮಾತು ಆಡಿದ್ದು ನಾನೇ.

ಕಟಿಂಗಣ್ಣನ ಬಾಮೈದ ಟ್ಯಾಕ್ಸಿ ಓಡಿಸುತ್ತಿದ್ದ. ಕಾರಿನ ವಾರಂಟಿ ಮುಗಿದಿದ್ದರೂ, ಭಾವ ಇರುವ ಜಾಗ ಎಂಬ ನಂಬಿಕೆಯಿಂದ ರಿಪೇರಿಗೆ ನಮ್ಮಲ್ಲಿಗೇ ತರುತ್ತಿದ್ದ. ಆ ತಿಂಗಳು ಅವನ ಕಾರಿಗೆ ಬ್ರೇಕಿನ ಸಿಲಿಂಡರ್ ಹಾಕಿದರು. ಹೊಸ ಡಬ್ಬಿಯನ್ನು ಅವನೆದುರೇ ಒಡೆದರು. ಹತ್ತು ದಿನವೂ ಆಗಿರಲಿಲ್ಲ, ಇಳಿಜಾರಿನಲ್ಲಿ ಪೆಡಲ್ ನೆಲ ಕಚ್ಚಿತು. ಕೆಳಗೆ ಬಸ್ಸಿಗೆ ಕಾಯುವ ಜನ. ಅವನು ಕಾರನ್ನು ಕಲ್ಲಿನ ಗೋಡೆಗೆ ತಿರುಗಿಸಿದ. ಅವನ ಎರಡು ಕಾಲೂ ಮುರಿದವು, ಹಿಂದೆ ಕೂತಿದ್ದ ಅಜ್ಜಿಯ ಸೊಂಟ ಮುರಿಯಿತು. 'ಚಾಲಕನ ನಿರ್ಲಕ್ಷ್ಯ' ಎಂದು ಪೊಲೀಸರು ಬರೆದುಕೊಂಡರು.

ನುಜ್ಜಾದ ಕಾರನ್ನು ರಸ್ತೆ ಬದಿಯ ಸಣ್ಣ ಗ್ಯಾರೇಜಿಗೆ ಎಳೆದು ಹಾಕಿದ್ದರು. ಕಟಿಂಗಣ್ಣ ಅಲ್ಲಿಗೆ ಹೋಗಿ, ಆ ಗ್ಯಾರೇಜಿನವನ ಕೈಯಲ್ಲಿ ಸಿಲಿಂಡರ್ ಬಿಚ್ಚಿಸಿದ. ಮರುದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ತೊಟ್ಟಿಯ ಅಂಚಿನಲ್ಲಿಟ್ಟ. ಮೂರು ಗೆರೆ, ಒಂದು ಖಾಲಿ ಜಾಗ, ಎರಡು ಗೆರೆ.

"ಅಕ್ಕ, ಇದನ್ನ ನೋಡಿದೀಯಾ?"

ಎಣ್ಣೆಯ ಕೊಳವೆ ಕೂಡುವ ಸಂದಿಯಲ್ಲಿ ಸಾಸಿವೆಯಷ್ಟು ಹಳದಿ ಉಳಿದಿತ್ತು. ಆ ಸಂದಿಗೆ ಬ್ರಷ್ ಹೋಗುವುದಿಲ್ಲ. ನಾನು ಸೂಜಿ ಹಾಕಿ ಕೆರೆದಿದ್ದೆ, ಬೇಸತ್ತು ಬಿಟ್ಟಿದ್ದೆ.

"ಇಲ್ಲಣ್ಣ" ಎಂದೆ.

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಸಿಲಿಂಡರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ಸೀದಾ ಮ್ಯಾನೇಜರ್ ಕೋಣೆಗೆ ಹೋದ. ನಡುವೆ ಇದ್ದದ್ದು ಪ್ಲೈವುಡ್ ಗೋಡೆ, ಮಾತೆಲ್ಲ ಕೇಳುತ್ತಿತ್ತು.

ಮ್ಯಾನೇಜರ್ ಕೂಗಾಡಲಿಲ್ಲ. ತಣ್ಣಗೆ ಕೇಳಿದರು. "ಈ ಗುರುತು ಯಾವ ವೈಸಿಂದು?"

"ನಂದೇ ಸಾರ್."

"ಪುಸ್ತಕದಲ್ಲಿ ಇದನ್ನ ಕತ್ತರಿಸಿದೀನಿ ಅಂತ ಸಹಿ ಹಾಕಿದ್ದು?"

"ನಾನೇ. ಆದ್ರೆ ನೀವೇ..."

"ಕತ್ತರಿಸಿದ್ದು ಇಡಿಯಾಗಿ ಹೆಂಗೆ ಬಂತು? ನೀನು ಕದ್ದು ಹೊರಗೆ ಮಾರಿದೀಯ. ನಿನ್ನ ಬಾಮೈದ ಅದನ್ನೇ ಯಾರ ಹತ್ರಾನೋ ಹಾಕಿಸಿದಾನೆ."

"ಇಲ್ಲೇ ಹಾಕಿದ್ದಕ್ಕೆ ಬಿಲ್ ಇದೆ ಸಾರ್!"

"ನಾವು ಹಾಕಿದ್ದು ಹೊಸದು. ಆಮೇಲೆ ಅದನ್ನ ಬಿಚ್ಚಿ ಮಾರ್ಕೊಂಡು ಇದನ್ನ ಹಾಕಿರ್ಬೋದಲ್ಲ?" ಕಾಗದ ಮೇಜಿನ ಮೇಲೆ ಸರಿದ ಸದ್ದು. "ನಾನು ಕೆಟ್ಟೋನಲ್ಲಪ್ಪ. ತಪ್ಪಾಯ್ತು ಅಂತ ಬರ್ಕೊಡು. ಪೊಲೀಸು ಗಿಲೀಸು ಬೇಡ. ಆಸ್ಪತ್ರೆ ಖರ್ಚು ನಾವೇ ನೋಡ್ಕೋತೀವಿ. ನಾಳೆ ಕಂಪನಿ ಇನ್‌ಸ್ಪೆಕ್ಟರ್ ಬರೋದ್ರೊಳಗೆ ಹೇಳು."

ಕಟಿಂಗಣ್ಣ ಹೊರಬಂದಾಗ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡಿದ್ದ. ಖಾಲಿ ಯಂತ್ರದ ಮುಂದೆ ಕೂತ. "ಬರ್ಕೊಟ್ರೆ ನಾನು ಕಳ್ಳ. ಕೊಡದಿದ್ರೂ ಕಳ್ಳ" ಎಂದ, ಯಾರಿಗೆಂದಲ್ಲ.

ನಾನು ಬ್ರಷ್ ಕೆಳಗಿಟ್ಟೆ. ಕೈ ಒರೆಸಿಕೊಂಡು ಅವನೆದುರು ಹೋಗಿ ನಿಂತೆ. "ಅಣ್ಣ, ಸುಳ್ಳು ಹೇಳ್ದೆ. ಅದನ್ನ ತೊಳೆದೋಳು ನಾನೇ."

ಪಕ್ಕದಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಮೆಕ್ಯಾನಿಕ್ ಕೈ ಹಾಗೇ ನಿಂತಿತು. ಬಾಮೈದನ ಕಾರಿಗೆ ಕೈ ಹಾಕಿದ್ದವನು ಅವನೇ. "ನಾನು ಹಾಕ್ದೆ. ಪೆಡಲ್ ಮೆತ್ತಗಿತ್ತು. ಹೊಸದು, ಎರಡು ದಿನಕ್ಕೆ ಸರಿ ಹೋಗತ್ತೆ ಅಂದ್ರು. ನಂಗೂ ಅನುಮಾನ ಬಂದಿತ್ತು, ಬಾಯಿ ಮುಚ್ಕೊಂಡೆ."

ಸ್ಟೋರಿನವನು ಬಾಗಿಲಲ್ಲಿ ನಿಂತಿದ್ದ. ನಾವೆಲ್ಲ ಅವನತ್ತ ತಿರುಗಿದೆವು.

"ಡಬ್ಬಿಗೆ ಹಾಕಿ ಲೇಬಲ್ ಅಂಟಿಸ್ತಿದ್ದೋನು ನಾನು" ಎಂದ. "ಮಗಳ ಮದುವೆ ಗೊತ್ತಾಗಿದೆ ಕಣ್ರೋ. ಕೆಲಸ ಹೋದ್ರೆ..." ಅವನು ಅಲ್ಲೇ ಕುಕ್ಕರಿಸಿದ.

ಒಬ್ಬೊಬ್ಬರಿಗೂ ಗೊತ್ತಿದ್ದದ್ದು ಒಂದೊಂದೇ ಚೂರು. ನಮ್ಮನ್ನು ಇಟ್ಟಿದ್ದೇ ಹಾಗೆ. ಅಂದು ಆ ಚೂರುಗಳನ್ನು ಸೇರಿಸಿ ನೋಡಿದ ಮೇಲೆ, ನಾಲ್ವರೂ ಕಂಪನಿಯವರೆದುರು ಬಾಯಿ ಬಿಡುವುದೆಂದು ಗೊತ್ತುಮಾಡಿಕೊಂಡೆವು.

ಮರುದಿನ ಇನ್‌ಸ್ಪೆಕ್ಟರ್ ಬಂದರು. ನಾವು ನಾಲ್ವರೂ ಒಟ್ಟಿಗೇ ಒಳಗೆ ಹೋದೆವು. ಒಬ್ಬರಾದ ಮೇಲೊಬ್ಬರು ಹೇಳಿದೆವು. ಕಟಿಂಗಣ್ಣ ಬಟ್ಟೆಯ ಗಂಟನ್ನು, ಸ್ಟೋರಿನವನು ಉಳಿದಿದ್ದ ಲೇಬಲ್ಲುಗಳ ಸುರುಳಿಯನ್ನು ಮೇಜಿನ ಮೇಲಿಟ್ಟರು. ಮ್ಯಾನೇಜರ್ ಮುಖ ಸುಣ್ಣದ ಹಾಗಾಯಿತು. ಇನ್‌ಸ್ಪೆಕ್ಟರ್ ಮಾತ್ರ ಗಾಬರಿಯಾಗಲಿಲ್ಲ. ಗಾಬರಿಯಾಗದ್ದೇ ನನಗೆ ಅನುಮಾನ ತರಿಸಿತು.

"ತುಂಬಾ ಗಂಭೀರ ವಿಷಯ" ಎಂದರು ಅವರು ಮೆತ್ತಗೆ. "ಆ ಸಿಲಿಂಡರು, ಲೇಬಲ್ಲು ನಂಗೆ ಕೊಡಿ. ಕಂಪನಿ ಪರೀಕ್ಷೆ ಮಾಡತ್ತೆ. ನೀವು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿ."

ಕಟಿಂಗಣ್ಣನ ಕೈ ಗಂಟಿನ ಮೇಲೆ ತಡವರಿಸಿತು. ದೊಡ್ಡವರು ಕೇಳಿದರೆ ಕೊಡುವುದು ಅವನ ರೂಢಿ. ನಾನು ಮುಂದೆ ಬಾಗಿ ಗಂಟು, ಲೇಬಲ್ಲು ಎರಡನ್ನೂ ಎತ್ತಿಕೊಂಡೆ.

"ಕೊಡಲ್ಲ ಸಾರ್. ಪೊಲೀಸ್ ಸ್ಟೇಷನ್ನಿಗೆ ಕೊಡ್ತೀವಿ, ರಸೀದಿ ಬರೆಸ್ಕೊಂಡು."

"ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?" ಎಂದು ಮ್ಯಾನೇಜರ್ ಎದ್ದರು. "ಬಾಗಿಲು ದಾಟಿದ್ರೆ ನಾಲ್ಕು ಜನಕ್ಕೂ ಕೆಲಸ ಇಲ್ಲ!"

ಸ್ಟೋರಿನವನೇ ಎಲ್ಲರಿಗಿಂತ ಮೊದಲು ಬಾಗಿಲು ದಾಟಿದ.

ಹಿಂದಿನ ಗೇಟಿಗೆ ಬೀಗ ಹಾಕಿಸಿದ್ದರು. ಅದಕ್ಕೇ ಗಾಜಿನ ಹಾಲ್ ಮೂಲಕ ಹೊರಟೆವು. ಆರು ವರ್ಷದಲ್ಲಿ ನಾನು ಅಲ್ಲಿ ಕಾಲಿಟ್ಟಿರಲಿಲ್ಲ. ಬಿಳಿಯ ನೆಲದ ಮೇಲೆ ನಮ್ಮ ಎಣ್ಣೆ ಚಪ್ಪಲಿಯ ಗುರುತು ಸಾಲಾಗಿ ಬಿತ್ತು. "ಇವಳನ್ನ ಹಿಡೀರಿ! ಬ್ರೇಕ್ ಪಾರ್ಟ್ ಕದ್ದು ಓಡ್ತಿದಾಳೆ!" ಎಂದು ಮ್ಯಾನೇಜರ್ ಹಿಂದಿನಿಂದ ಕೂಗಿದರು. ಸೋಫಾದಲ್ಲಿ ಕೂತವರೆಲ್ಲ ತಲೆಯೆತ್ತಿದರು.

ನಾನು ನಿಂತೆ. ಬಟ್ಟೆ ಬಿಚ್ಚಿ ಸಿಲಿಂಡರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

"ಕದ್ದಿಲ್ಲ. ಕೆಟ್ಟಿದ್ದ ಇದನ್ನ ಇವರು ನನ್ನ ಕೈಲಿ ತೊಳೆಸಿ, ಹೊಸದು ಅಂತ ಕಾರಿಗೆ ಹಾಕಿದಾರೆ. ಒಬ್ಬನ ಎರಡೂ ಕಾಲು ಮುರಿದಿವೆ."

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬ ಹೆಂಗಸು ನಿಧಾನಕ್ಕೆ ಎದ್ದಳು.

"ಹೋದ ವಾರ ನನ್ನ ಕಾರಿಗೂ ಇಲ್ಲೇ ಹೊಸ ಬ್ರೇಕ್ ಪಾರ್ಟ್ ಹಾಕಿದ್ರು" ಎಂದಳು. "ಅದನ್ನೂ ನೀವೇ ತೊಳೆದಿದ್ರಾ?"

"ಗೊತ್ತಿಲ್ಲ ತಾಯಿ" ಎಂದೆ. "ಬಿಚ್ಚಿ ನೋಡ್ಬೇಕು."

ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಮ್ಯಾನೇಜರ್ ಕಡೆಗೆ ತಿರುಗಿದಳು. "ಬಿಚ್ಚಿಸಿ. ಈಗಲೇ, ನನ್ನ ಕಣ್ಣೆದುರಿಗೆ."

ಅವಳ ಹಿಂದೆ ಇನ್ನೊಬ್ಬರು ಎದ್ದರು. ಆಮೇಲೆ ಮತ್ತೊಬ್ಬರು.