ಮಗುಚಿಟ್ಟ ಚೀಟಿಗಳು

"ಮಾರೋರು ಕಿಟಕಿ ಕಡೆ, ಕೊಳ್ಳೋರು ಗೋಡೆ ಕಡೆ. ಬೇಗ, ಬೇಗ!" ಬಿರಾಗೊ ಚಪ್ಪಾಳೆ ತಟ್ಟಿದಳು. ಅಂಗೈ ಬೆವರಿದ್ದರಿಂದ ಸದ್ದು ಮಂಕಾಗಿ ಕೇಳಿಸಿತು.

ಕೊನೆಯ ಬೆಂಚಿನಲ್ಲಿ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥ ಡಾ. ಒಫೋಸು ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಇಬ್ಬರು ಅರೆಕಾಲಿಕ ಉಪನ್ಯಾಸಕರಲ್ಲಿ ಈ ವರ್ಷ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಇನ್ನೊಬ್ಬನ ಪಾಠವನ್ನು ಅವರು ನಿನ್ನೆಯೇ ನೋಡಿ ಮುಗಿಸಿದ್ದರು. ಉಳಿಯದಿದ್ದರೆ ಬಿರಾಗೊ ಕುಮಾಸಿ ನಗರದ ಬಾಡಿಗೆ ಕೋಣೆ ಬಿಟ್ಟು ಅಣ್ಣನ ಮನೆ ಸೇರಬೇಕು. ಐವತ್ತು ದಾಟಿದ ಮೇಲೆ, ಅತ್ತಿಗೆಯ ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿದೆ ಎಂದು ಕೇಳಿ ಕೇಳಿ ಬದುಕಬೇಕು.

ಅದಕ್ಕೇ ಎಂದೂ ಕೈಕೊಡದ ಪಾಠವನ್ನು ಆರಿಸಿಕೊಂಡಿದ್ದಳು. ಮಾರುವವರ ಚೀಟಿಯಲ್ಲಿ, ಇದಕ್ಕಿಂತ ಕಡಿಮೆಗೆ ಕೊಡಬೇಡ ಎಂಬ ದರ. ಕೊಳ್ಳುವವರ ಚೀಟಿಯಲ್ಲಿ, ಇದಕ್ಕಿಂತ ಹೆಚ್ಚಿಗೆ ಕೊಳ್ಳಬೇಡ ಎಂಬ ದರ. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ಇಲ್ಲದ ಟೊಮೇಟೊ ಪೆಟ್ಟಿಗೆಗಾಗಿ ಹುಡುಗರು ಕೂಗಾಡುತ್ತಾರೆ, ಚೌಕಾಶಿ ಮಾಡುತ್ತಾರೆ, ಕೊನೆಗೆ ದರ ತಾನಾಗಿ ಒಂದು ಕಡೆ ಬಂದು ನಿಲ್ಲುತ್ತದೆ. ಬೇಡಿಕೆಯ ಗೆರೆ ಪೂರೈಕೆಯ ಗೆರೆಯನ್ನು ಕತ್ತರಿಸುವ ಜಾಗದಲ್ಲಿ ಅವಳು ಚುಕ್ಕಿ ಇಡುತ್ತಾಳೆ. ಇಷ್ಟು ವರ್ಷಗಳ ಮೇಲೂ ಆ ಚುಕ್ಕಿ ಇಡುವಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಲೋಕದಲ್ಲಿ ಒಂದಾದರೂ ವಿಷಯ ಯಾರ ಹಂಗೂ ಇಲ್ಲದೆ ಸರಿಹೋಗುತ್ತದಲ್ಲ ಎಂದು.

ಮಾರುವ ಸಾಲಿನ ಹುಡುಗಿಯರೆಲ್ಲ ಮಾರುಕಟ್ಟೆಯ ಬುಟ್ಟಿಗಳ ನಡುವೆ ಬೆಳೆದವರು. ಹೋದ ವಾರವೇ ಡುಫಿಯನ್ನು ತಮ್ಮ ರಾಣಿ ಎಂದು ಆರಿಸಿಕೊಂಡಿದ್ದರು. ಮಾರುವವರ ಮುಂದಾಳಾಗಿ ಟೊಮೇಟೊಗೊಬ್ಬಳು, ಗೆಣಸಿಗೊಬ್ಬಳು ರಾಣಿ ಇರುವ ಊರಲ್ಲಿ ತರಗತಿಗೂ ಒಬ್ಬಳಿರಲಿ ಎಂದು ಬಿರಾಗೊ ನಕ್ಕು ಬಿಟ್ಟಿದ್ದಳು.

"ಏನ್ ರಾಣಿಯಮ್ಮ, ಯಾವ ಕಾಲದ್ದು ಈ ಟೊಮೇಟೊ? ಮುಟ್ಟಿದ್ರೆ ಪಚಕ್ ಅನ್ನುತ್ತೆ!" ಎಂದ ಗೋಡೆ ಕಡೆಯ ಕ್ವಾಕು.

"ನಿನ್ನ ಮುಖಕ್ಕಿಂತ ಚೆನ್ನಾಗಿದೆ ಬಿಡು. ದುಡ್ಡಿದ್ರೆ ಮಾತಾಡು, ಇಲ್ದಿದ್ರೆ ಆಚೆ ನಡಿ, ಗಿರಾಕಿಗೆ ಅಡ್ಡ ನಿಲ್ಬೇಡ."

ತರಗತಿ ಗೊಳ್ಳೆಂದಿತು. ಸಾಲಿನ ನಡುವೆ ಕೂತಿದ್ದ ಪೊಕುವಾ ಚೀಟಿ ಎತ್ತಿ ಹಿಡಿದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. "ಬನ್ನಿ, ಬನ್ನಿ! ಟೆಚಿಮಾನ್ ಊರಿನ ಟೊಮೇಟೊ! ನಮ್ಮಮ್ಮನೇ ಆರಿಸಿ ತಂದಿದ್ದು!"

ಆಗಲೇ ಡುಫಿ ಮಡಿಲಲ್ಲಿದ್ದ ಫೋನಿನ ಕಡೆ ಬಗ್ಗಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ನಗುವಿರಲಿಲ್ಲ. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಮಾತು ಪೊಕುವಾಳ ಬೆನ್ನ ಹಿಂದಿನಿಂದ ಸಾಲಿನ ತುದಿಯವರೆಗೆ ಹೋಯಿತು. ಡುಫಿ ಎದ್ದು ತನ್ನ ಚೀಟಿಯನ್ನು ಬಿರಾಗೊಳ ಮೇಜಿನ ಮೇಲೆ ಮಗುಚಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕಿಟಕಿ ಕಡೆಯ ಕೂಗು ನಿಂತುಹೋಯಿತು.

"ಏನೇ ಇದು?" ಬಿರಾಗೊ ದನಿ ತಗ್ಗಿಸಿದಳು.

"ಪೊಕುವಾ ಅವ್ರಮ್ಮ ಹೋಗ್ಬಿಟ್ರಂತೆ ಮೇಡಮ್. ನಮ್ಮತ್ತೆ ಅದೇ ಸಾಲಲ್ಲಿ ಕೂರೋದು. ಎಲ್ರೂ ಬುಟ್ಟಿ ಮುಚ್ಚಿದ್ರಂತೆ. ಸಾಲಲ್ಲಿ ಒಬ್ರು ಹೋದ್ರೆ ಆವತ್ತು ಯಾರೂ ಮಾರಲ್ವಲ್ಲ."

"ಅವಳಿಗೆ ಗೊತ್ತಾ?"

"ಅಮ್ಮಂಗೆ ಸ್ವಲ್ಪ ಹುಷಾರಿಲ್ಲ, ಸಂಜೆ ಬಸ್ಸಿಗೆ ಬಾ ಅಂದಿದಾರಂತೆ ಅವ್ರ ಮಾವ."

ಸ್ವಲ್ಪ. ಬಿರಾಗೊಳನ್ನೂ ಅಣ್ಣ ಅದೇ ಮಾತು ಹೇಳಿ ಕರೆಸಿಕೊಂಡಿದ್ದ. ಸಾವಿನ ಸುದ್ದಿಯನ್ನು ದಾರಿಯಲ್ಲಿ ಹೇಳಬಾರದು. ಮನೆಗೆ ಹೋಗಿ, ಕೂತು, ಕೊಟ್ಟ ನೀರು ಕುಡಿದ ಮೇಲೆ ಹಿರಿಯರು ಹೇಳಬೇಕು. ಬಸ್ಸಿನುದ್ದಕ್ಕೂ ಅವಳು ಆ 'ಸ್ವಲ್ಪ'ವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ನೀರಿನ ಲೋಟ ಕೆಳಗಿಡುವವರೆಗೆ ಅವಳಿಗೊಬ್ಬಳು ತಾಯಿ ಇದ್ದಳು.

"ಇದು ಆಟ ಕಣೆ, ಡುಫಿ."

"ಅವ್ಳು ನಮ್ಮ ಸಾಲಲ್ಲೇ ಕೂತಿದಾಳೆ. ನಾವ್ ಹೇಗ್ ಮೇಡಮ್ ಮಾರೋದು?"

"ನೀವು ಮಾರೋದು ನಿಲ್ಸಿದ್ರೆ ಅವಳಿಗೆ ಗೊತ್ತಾಗಲ್ವಾ? ಅವಳೂ ಮಾರುಕಟ್ಟೆ ಮಗಳೇ ಅಲ್ವಾ?"

ಡುಫಿಯ ಕೈ ಬಾಯಿಗೆ ಹೋಯಿತು. ಅದು ಅವಳಿಗೆ ಹೊಳೆದಿರಲೇ ಇಲ್ಲ.

ಪೊಕುವಾಳ ಎತ್ತಿದ ಕೈ ನಿಧಾನವಾಗಿ ಇಳಿಯುತ್ತಿತ್ತು. ಅವಳು ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಯಾರಿಲ್ಲ ಎಂದು ಹುಡುಕುತ್ತಿದ್ದಳು. ಎಲ್ಲರೂ ಇದ್ದರು. ಅವಳ ಕಡೆ ಮಾತ್ರ ಯಾರೂ ನೋಡುತ್ತಿರಲಿಲ್ಲ.

"ಏನಾಯ್ತು ಮೇಡಮ್? ಪಾಠ ನಿಂತೇ ಹೋಯ್ತಲ್ಲ," ಹಿಂದಿನಿಂದ ಡಾ. ಒಫೋಸು ಕೇಳಿದರು.

ಒಂದು ಗದರಿಕೆ ಸಾಕಿತ್ತು. ಹುಡುಗಿಯರು ಚೀಟಿ ಎತ್ತಿಕೊಂಡು ಸತ್ತ ದನಿಯಲ್ಲಾದರೂ ಕೂಗುತ್ತಿದ್ದರು, ಚುಕ್ಕಿ ಬೀಳುತ್ತಿತ್ತು, ಕೋಣೆ ಉಳಿಯುತ್ತಿತ್ತು. ಆದರೆ ಆ ದನಿಯನ್ನು ಪೊಕುವಾಳಂಥವಳು ಗುರುತಿಸದೆ ಇರುತ್ತಾಳೆಯೇ? ಇದ್ದದ್ದನ್ನು ಹೇಳಿಬಿಟ್ಟರೆ ಒಫೋಸು ಕೂಡ ಎದ್ದು ನಿಂತು ತಲೆ ತಗ್ಗಿಸುತ್ತಿದ್ದರು. ಹೇಳುವಂತಿರಲಿಲ್ಲ.

"ಕ್ಷಮಿಸಿ ಸರ್," ಎಂದಳು ಬಿರಾಗೊ, ಎಲ್ಲರಿಗೂ ಕೇಳುವಂತೆ. "ಮಾರೋರ ಚೀಟಿಗಳಲ್ಲಿ ದರ ತಪ್ಪು ಬರೆದುಬಿಟ್ಟಿದೀನಿ. ಅದಕ್ಕೇ ಇವರು ವಾಪಸ್ ಕೊಡ್ತಿದಾರೆ. ಪಾಠ ಮುಂದುವರಿಸೋಕಾಗಲ್ಲ."

"ಎಲ್ಲಾ ಚೀಟಿಗಳಲ್ಲೂ?"

"ಎಲ್ಲದರಲ್ಲೂ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಇಷ್ಟು ವರ್ಷದಿಂದ ಇದೇ ಪಾಠ ಮಾಡ್ತಿದೀರಿ ಅಂದ್ಕೊಂಡಿದ್ದೆ," ಎಂದು ಬಾಗಿಲ ಕಡೆ ನಡೆದರು. ಕ್ವಾಕು ಕೂಡ ನಗಲಿಲ್ಲ.

ತರಗತಿ ಖಾಲಿಯಾಯಿತು. ಹಲಗೆಯ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಮಾತ್ರ ಇತ್ತು. ಅದನ್ನು ಒರೆಸಿ ತಿರುಗಿದಾಗ ಪೊಕುವಾ ಮೇಜಿನ ಎದುರು ನಿಂತಿದ್ದಳು.

"ಮೇಡಮ್, ನನ್ನ ಚೀಟೀಲಿ ತಪ್ಪಿರ್ಲಿಲ್ಲ."

ಬಿರಾಗೊ ಕೈಗಂಟಿದ ಸೀಮೆಸುಣ್ಣದ ಪುಡಿಯನ್ನು ಉಜ್ಜಿಕೊಂಡಳು. "ಬಸ್ಸು ಎಷ್ಟೊತ್ತಿಗಮ್ಮ?"

"ಐದಕ್ಕೆ."

"ಮನೆವರೆಗೂ ನಾನೂ ಬರ್ತೀನಿ."

ಹುಡುಗಿ ಮೇಜಿನ ಮೇಲೆ ಮಗುಚಿ ಬಿದ್ದಿದ್ದ ಚೀಟಿಗಳನ್ನು ನೋಡಿದಳು. ತನ್ನ ಚೀಟಿಯ ಮಡಿಕೆಯನ್ನು ಬೆರಳಿನಿಂದ ನೀವಿ ಸರಿಮಾಡಿದಳು. ಆಮೇಲೆ ಅದನ್ನೂ ಅವುಗಳ ಪಕ್ಕದಲ್ಲಿ ಮಗುಚಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಮೇಲೊಂದು ಸೀಮೆಸುಣ್ಣದ ತುಂಡು ಇಟ್ಟಳು.